ಹದಿನೇಳನೇ ನಂಬರಿನ ಚಪ್ಪಲಿ

ಎಲ್ಲದಕ್ಕೂ ಮೂಲ ಒದ್ದೆ ನೆಲ.

ಪುರಭವನದ ನೆಲಕ್ಕೆ ಸಾಬೂನು ನೀರು ಕಾಣುವ ಯೋಗ ವರ್ಷದಲ್ಲಿ ಒಂದೇ ಒಂದು ದಿನ. ಅದು ಊರಿನ ಪರಂಪರೆಯ ದಿನ. ಅವತ್ತು ಬೆಳಿಗ್ಗೆ ಎಂಟೂವರೆಗೆ ಅಂಚೆಯಣ್ಣ ಮೆಟ್ಟಿಲು ಹತ್ತಿದಾಗ, ಪುರಭವನವನ್ನು ಗುಡಿಸಿ ಒರೆಸುವ ಅಕ್ಕ ಒರೆಸುವ ಕೋಲನ್ನು ಬಾಗಿಲಿಗೆ ಅಡ್ಡ ಹಿಡಿದು ಗಡಿ ಕಾಯುವ ಸೈನಿಕನ ಹಾಗೆ ನಿಂತಿದ್ದಳು.

"ಅಲ್ಲೇ ನಿಲ್ಲಿ! ಚಪ್ಪಲಿ ಬಿಟ್ಟು ಬನ್ನಿ."

"ಎರಡು ನಿಮಿಷ ಅಕ್ಕಾ. ವೇಷದ ಬಟ್ಟೆ ಹಾಕ್ಕೊಂಡು ಹೊರಟೆ."

"ಎರಡು ನಿಮಿಷದಲ್ಲಿ ನಲವತ್ತು ಹೆಜ್ಜೆ ಮೂಡಿಸ್ತೀರಿ. ಬಿಡಿ ಅಂದ್ರೆ ಬಿಡಿ."

ಅಂಚೆಯಣ್ಣ ಬಿಟ್ಟ. ವಾದ ಮಾಡುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಇಪ್ಪತ್ತೆರಡು ವರ್ಷ ಈ ಊರಿನ ಮನೆಮನೆಗೆ ಕಾಗದ ಹಂಚಿದವನು. ಕೊಟ್ಟದ್ದನ್ನು ತಗೊಳ್ಳುವುದು, ಹೇಳಿದಲ್ಲಿ ಸಹಿ ಹಾಕಿಸುವುದು ಅಷ್ಟೇ ಗೊತ್ತು. ಬಾಗಿಲ ಪಕ್ಕದಲ್ಲಿ ಪ್ರದರ್ಶನಕ್ಕೆಂದು ಊರಿನವರು ತಂದಿಟ್ಟ ಸಾಮಾನುಗಳ ರಾಶಿ ಇತ್ತು. ಗಾಜು ಒಡೆದ ಲಾಂದ್ರ, ಹೊಟ್ಟೆ ಬಿಚ್ಚಿದ ರೇಡಿಯೋ, ಯಾರದೋ ಮುತ್ತಜ್ಜಿಯ ಇಸ್ತ್ರಿಪೆಟ್ಟಿಗೆ. ಅದರ ಪಕ್ಕಕ್ಕೆ ಚಪ್ಪಲಿ ಬಿಟ್ಟು, ಒದ್ದೆ ನೆಲದ ಮೇಲೆ ಹೆಬ್ಬೆರಳು ಊರಿಕೊಂಡು ಒಳಗೆ ಹೋದ.

ಆ ಚಪ್ಪಲಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಅಂಚೆಯಣ್ಣನ ಬಲಗಾಲಿನ ಕಿರುಬೆರಳು ಹುಟ್ಟಿನಿಂದಲೇ ಉಳಿದ ನಾಲ್ಕರ ಜೊತೆ ಮಾತು ಬಿಟ್ಟಂತೆ ಹೊರಗೆ ಮುಖ ಮಾಡಿತ್ತು. ಇಲಾಖೆ ಕೊಟ್ಟ ಬೂಟಿನಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಅಂಗಡಿಯ ಯಾವ ಚಪ್ಪಲಿಯೂ ಅದನ್ನು ಒಪ್ಪಲಿಲ್ಲ. ಕೊನೆಗೆ ರಿಪೇರಿ ಮಾವ, ಅಂದರೆ ಚೌಕದ ಮೂಲೆಯಲ್ಲಿ ಕೂತು ಊರಿನ ಚಪ್ಪಲಿಗಳನ್ನೆಲ್ಲ ಹೊಲಿಯುವ ಮುದುಕ, ಒಂದು ಜೊತೆ ದಪ್ಪ ತೊಗಲಿನ ಚಪ್ಪಲಿಯಲ್ಲಿ ಬಲಗಾಲಿನದರ ಬದಿಗೆ ಕಾಸಿನಗಲದ ಕಿಟಕಿ ಕೊರೆದುಕೊಟ್ಟಿದ್ದ. ಬೆರಳು ಆ ಕಿಟಕಿಯಿಂದ ತಲೆ ಹೊರಗೆ ಹಾಕಿ ಒಂಬತ್ತು ವರ್ಷದಿಂದ ಊರು ನೋಡುತ್ತಿತ್ತು. ಒಂಬತ್ತು ವರ್ಷದಲ್ಲಿ ಪಟ್ಟಿ ಎರಡು ಸಲ ಕಿತ್ತು ಹೊಲಿಸಿಕೊಂಡಿತ್ತು. ಬಣ್ಣ ಯಾವುದೆಂದು ಕೇಳಿದರೆ ರಿಪೇರಿ ಮಾವನೂ ಹೇಳಲಾರ. ಆದರೆ ಅದನ್ನು ಮೆಟ್ಟಿಕೊಂಡರೆ ಅಂಚೆಯಣ್ಣ ದಿನಕ್ಕೆ ಎಂಟು ಮೈಲಿ ನಡೆದರೂ ನಡೆದ ನೆನಪೇ ಇರುತ್ತಿರಲಿಲ್ಲ.

ಒಳಗೆ ನಿವೃತ್ತ ಹೆಡ್‌ಮಾಸ್ತರು ಪ್ರದರ್ಶನದ ವಸ್ತುಗಳ ಪಟ್ಟಿ ಹಿಡಿದು ಬೆವರುತ್ತಿದ್ದರು. ಪರಂಪರೆಯ ಸಮಿತಿಗೆ ಅವರೇ ಅಧ್ಯಕ್ಷರು, ಊರಿನ ಚರಿತ್ರೆಯ ಪುಸ್ತಕಕ್ಕೆ ಅವರೇ ಲೇಖಕರು. ಆ ಪುಸ್ತಕದ ಪ್ರಕಾರ, ನೂರೈವತ್ತು ವರ್ಷದ ಹಿಂದೆ ಊರಜ್ಜ ಎಂಬಾತ ಎಲ್ಲಿಂದಲೋ ನಡೆದು ಬಂದ. ಈಗ ಪುರಭವನ ಇರುವ ಜಾಗದಲ್ಲಿ ಅವನ ಚಪ್ಪಲಿಯ ಪಟ್ಟಿ ಕಿತ್ತಿತು. ಊರಜ್ಜ ಅಲ್ಲೇ ಕೂತು, "ಇನ್ನು ನನ್ನ ಕೈಲಾಗಲ್ಲ" ಎಂದ. ಊರು ಶುರುವಾದದ್ದೇ ಹಾಗೆ.

"ಹದಿನೇಳನೇ ನಂಬರು!" ಹೆಡ್‌ಮಾಸ್ತರು ಹಣೆ ಚಚ್ಚಿಕೊಂಡರು. "ಊರಜ್ಜನ ಪಾದರಕ್ಷೆ. ಐದು ವರ್ಷದ ಹಿಂದೆ ನಾನೇ ಕಣ್ಣಾರೆ ಕಂಡು ಎಲ್ಲೋ ಜೋಪಾನವಾಗಿ ಇಟ್ಟಿದ್ದೆ. ಎಲ್ಲಿಟ್ಟೆ ಅನ್ನೋದೇ ಮರೆತುಹೋಗಿದೆ. ಹತ್ತು ಗಂಟೆಗೆ ರಾಜಧಾನಿಯಿಂದ ವಸ್ತುಸಂಗ್ರಹಾಲಯದ ಅಧಿಕಾರಿಗಳು ಬರ್ತಾರೆ. ಚಪ್ಪಲಿ ಇಲ್ದೆ ಊರಜ್ಜನ ಕತೆ ಹೇಗ್ರೀ ಹೇಳೋದು?"

"ಸಿಗುತ್ತೆ ಬಿಡಿ ಸಾರ್," ಎಂದು ಸಮಾಧಾನ ಹೇಳಿ ಅಂಚೆಯಣ್ಣ ಹಿಂದಿನ ಕೋಣೆಗೆ ಬಟ್ಟೆ ಬದಲಿಸಲು ಹೋದ. ಮೆರವಣಿಗೆಯಲ್ಲಿ ಅವನದು ಹಳೆಯ ಕಾಲದ ಅಂಚೆ ಓಟಗಾರನ ವೇಷ. ಮೊಣಕಾಲಿನ ಚಡ್ಡಿ, ಎದೆಗೆ ಅಡ್ಡಪಟ್ಟಿ, ತಲೆಗೆ ಕೆಂಪು ಟೋಪಿ, ಕೈಯಲ್ಲಿ ಗಂಟೆ ಕಟ್ಟಿದ ಕೋಲು. ಚಡ್ಡಿಯ ಗುಂಡಿ ಕಿತ್ತಿತ್ತು. ಪಿನ್ನು ಹುಡುಕಿ ಸಿಕ್ಕಿಸಿಕೊಳ್ಳುವಷ್ಟರಲ್ಲಿ ಒಂದು ಗಂಟೆ ಹಿಡಿಯಿತು.

ಹೊರಗೆ ಬಂದು ನೋಡಿದರೆ ಬಾಗಿಲ ಪಕ್ಕದ ರಾಶಿ ಮಾಯ. ಜೊತೆಗೆ ಚಪ್ಪಲಿಯೂ.

"ಅಕ್ಕಾ, ಇಲ್ಲಿದ್ದ ನನ್ನ ಚಪ್ಪಲಿ?"

"ಇಲ್ಲಿ ಯಾವ ಚಪ್ಪಲೀನೂ ಇರ್ಲಿಲ್ಲಪ್ಪ," ಎಂದಳು ಅಕ್ಕ. "ಹಳೇ ಸಾಮಾನಿನ ಜೊತೆ ಊರಜ್ಜನ ಪಾದರಕ್ಷೆ ಒಂದಿತ್ತು. ಹೆಡ್‌ಮಾಸ್ತರು ಬೆಳಿಗ್ಗೆಯಿಂದ ಹುಡುಕ್ತಾ ಇದ್ರಲ್ಲ, ನಾನೇ ಒಳಗೆ ತಗೊಂಡು ಹೋಗಿ ಕೊಟ್ಟೆ. ಪಾಪ, ಕಣ್ಣಲ್ಲಿ ನೀರು ಹಾಕ್ಕೊಂಡ್ರು."

ಅಂಚೆಯಣ್ಣ ಒಳಗೆ ಓಡಿದ.

ಸಭಾಂಗಣದ ನಡುವೆ ಗಾಜಿನ ಪೆಟ್ಟಿಗೆ. ಅದರೊಳಗೆ ಕೆಂಪು ಮಖಮಲ್ಲು. ಮಖಮಲ್ಲಿನ ಮೇಲೆ ಅವನ ಚಪ್ಪಲಿಗಳು, ನೆಂಟರ ಮನೆಯಲ್ಲಿ ಕೂರಿಸಿದ ಮಕ್ಕಳ ಹಾಗೆ ಒಂದಕ್ಕೊಂದು ಒತ್ತಿ ಕೂತಿದ್ದವು. ಪೆಟ್ಟಿಗೆಗೆ ಪುಟ್ಟ ಬೀಗ. ಮುಂದೆ ದಪ್ಪ ಕನ್ನಡಕದ ಅಧಿಕಾರಿಗಳು ಬಗ್ಗಿ ನಿಂತಿದ್ದರು. ಅರ್ಧ ಗಂಟೆ ಮೊದಲೇ ಬಂದಿದ್ದರು. ಸುತ್ತ ಊರಿನ ಮೂವತ್ತು ನಲವತ್ತು ಜನ.

"ನೋಡಿ ಸಾರ್, ಪಟ್ಟಿ ಕಿತ್ತ ಜಾಗ," ಹೆಡ್‌ಮಾಸ್ತರು ಬೆರಳು ತೋರಿಸುತ್ತಿದ್ದರು. "ಊರಜ್ಜ ಕೂತದ್ದು ಇಲ್ಲೇ, ಈ ಹೊಲಿಗೆಯಿಂದ್ಲೇ ಈ ಊರು ಹುಟ್ಟಿದ್ದು."

"ಬದಿಯಲ್ಲಿ ಈ ತೂತು?" ಕೇಳಿದರು ಅಧಿಕಾರಿಗಳು.

ಹೆಡ್‌ಮಾಸ್ತರ ಪುಸ್ತಕದಲ್ಲಿ ತೂತಿನ ಪ್ರಸ್ತಾಪವೇ ಇರಲಿಲ್ಲ. ಒಂದು ಕ್ಷಣ ತಡವರಿಸಿದರು. ಆದರೆ ಮೂವತ್ತು ವರ್ಷ ಪಾಠ ಹೇಳಿದ ನಾಲಿಗೆ ಸುಮ್ಮನಿರಲಿಲ್ಲ.

"ಬಾಣ ಸಾರ್. ದಾರಿಯಲ್ಲಿ ಕಳ್ಳರು ಬಿಟ್ಟ ಬಾಣ."

ಜನ "ಅಯ್ಯೋ" ಎಂದರು. ಅಧಿಕಾರಿಗಳು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನನ್ನ ಸೇವೆಯಲ್ಲಿ ಸಾವಿರ ವಸ್ತು ನೋಡಿದೀನಿ. ನಕಲಿ ಆದ್ರೆ ಮಾರು ದೂರದಿಂದ ವಾಸನೆ ಬರುತ್ತೆ. ಇದು ಅಪ್ಪಟ."

"ಸಾರ್, ಅದು ನಮ್ಮದು!" ಎಂದ ಅಂಚೆಯಣ್ಣ, ಗುಂಪಿನ ನಡುವೆ ತೂರಿ.

"ಖಂಡಿತ ನಿಮ್ಮದೇ," ಎಂದರು ಅಧಿಕಾರಿಗಳು. "ನಮ್ಮದು, ನಿಮ್ಮದು, ಎಲ್ಲರದ್ದು. ಪರಂಪರೆ ಅಂದ್ರೆ ಅದೇ ತಾನೆ."

ಜನ ಚಪ್ಪಾಳೆ ತಟ್ಟಿದರು.

"ಹಾಗಲ್ಲ ಸಾರ್. ನನ್ನದು. ನನ್ನ ಕಾಲಿನದು. ಬೇಕಾದ್ರೆ ನೋಡಿ." ಬೇರೆ ಸಾಕ್ಷಿ ಇಲ್ಲದೆ ಅಂಚೆಯಣ್ಣ ಬಲಗಾಲನ್ನೇ ಎತ್ತಿ ಗಾಜಿನ ಪಕ್ಕ ಹಿಡಿದ. ಒಂಟಿಕಾಲಲ್ಲಿ ಕೊಕ್ಕರೆಯ ಹಾಗೆ ತೂಗಾಡುತ್ತ, "ಈ ಬೆರಳಿಗೇ ಆ ತೂತು," ಎಂದ.

ಅಧಿಕಾರಿಗಳು ಬೆರಳು ನೋಡಿದರು. ತೂತು ನೋಡಿದರು. ಜೇಬಿನಿಂದ ಅಳತೆಪಟ್ಟಿ ತೆಗೆದು ಎರಡನ್ನೂ ಅಳೆದರು. ಅವರ ಮುಖ ನಿಧಾನವಾಗಿ ಅರಳಿತು.

"ಹೆಡ್‌ಮಾಸ್ತರೇ, ಬಾಣ ಗೀಣ ಏನೂ ಅಲ್ಲ. ಊರಜ್ಜನ ಕಿರುಬೆರಳೇ ಹೀಗಿತ್ತು! ಮೂಳೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತೆ. ಇವರು ಊರಜ್ಜನ ನೇರ ವಂಶಸ್ಥರು ಕಣ್ರೀ!"

ಈ ಸಲ ಚಪ್ಪಾಳೆಗೆ ಗಾಜಿನ ಪೆಟ್ಟಿಗೆ ಗಡಗಡ ನಡುಗಿತು. "ನನಗೆ ಮೊದಲಿಂದ್ಲೂ ಅನುಮಾನ ಇತ್ತು ಸಾರ್," ಎಂದರು ಹೆಡ್‌ಮಾಸ್ತರು. ಯಾರೋ ಅಂಚೆಯಣ್ಣನ ಕೈ ಕುಲುಕಿದರು. ಫೋಟೋದವನು ಅವನ ಕಾಲನ್ನೂ ಚಪ್ಪಲಿಯನ್ನೂ ಸೇರಿಸಿ ನಾಲ್ಕು ಚಿತ್ರ ತೆಗೆದ. ಅಂಚೆಯಣ್ಣ ಬಾಯಿ ತೆರೆದಾಗಲೆಲ್ಲ ಫೋಟೋದವನು, "ಬಾಯಿ ಮುಚ್ಚಿ ಅಣ್ಣಾ, ನಗಿ" ಎನ್ನುತ್ತಿದ್ದ.

ಅಷ್ಟರಲ್ಲಿ ಹೊರಗೆ ವಾದ್ಯದವರು ಶುರುಮಾಡಿದರು. ಮೆರವಣಿಗೆ ಹೊರಡುವ ಹೊತ್ತು.

"ಬರಿಗಾಲಲ್ಲಿ ಹೇಗೆ ಓಡ್ಲಿ?" ಅಂಚೆಯಣ್ಣ ಹೆಡ್‌ಮಾಸ್ತರನ್ನು ಮೆಲ್ಲಗೆ ಕೇಳಿದ.

"ಆ ಕಾಲದ ಓಟಗಾರರಿಗೆ ಚಪ್ಪಲಿ ಎಲ್ಲಿತ್ರೀ? ಪುಸ್ತಕದ ಪ್ರಕಾರ ಬರಿಗಾಲೇ ಸರಿ. ಓಡಿ!"

ಬಿಸಿಲಿಗೆ ಟಾರು ಆಗಲೇ ಮೆತ್ತಗಾಗಿತ್ತು. ಮೊದಲ ಇಪ್ಪತ್ತು ಮಾರು ಅಂಚೆಯಣ್ಣ ಓಡಿದ. ಆಮೇಲಿನದನ್ನು ಓಟ ಎನ್ನಲಾಗದು. ಕಾದ ಹಂಚಿನ ಮೇಲೆ ಬಿದ್ದ ನೀರಿನ ಹನಿಯ ಹಾಗೆ ಚಿಮ್ಮುತ್ತ ಹೋದ. ಪ್ರತಿ ಚಿಮ್ಮಿಗೂ ಕೋಲಿನ ಗಂಟೆ ಗಣಗಣ ಎಂದಿತು. ಎರಡೂ ಬದಿಯ ಜನಕ್ಕೆ ಅದು ಬಹಳ ಹಿಡಿಸಿತು.

"ಆಹಾ, ಏನು ಹುರುಪು ನೋಡ್ರೀ! ರಕ್ತದಲ್ಲೇ ಬಂದಿರಬೇಕು," ಎಂದ ಕಿರಾಣಿ ಅಂಗಡಿಯವನು.

"ಕುಣೀತಾ ಓಡ್ತಿದ್ರಂತೆ ಆಗಿನ ಕಾಲದಲ್ಲಿ," ಎಂದಳು ಅವನ ಹೆಂಡತಿ.

ಕಿರಾಣಿ ಅಂಗಡಿಯನ್ನು ಕಂಡಾಗ ಅಂಚೆಯಣ್ಣನಿಗೆ ಒಂದು ಜೊತೆ ರಬ್ಬರ್ ಚಪ್ಪಲಿ ಕೊಳ್ಳುವ ಯೋಚನೆ ಬಂತು. ಆದರೆ ಊರಿನ ಅಂಗಡಿಗಳೆಲ್ಲ ಸಂಜೆಯವರೆಗೆ ಬಂದ್. ಅಂಗಡಿಯವರೆಲ್ಲ ರಸ್ತೆ ಬದಿಯಲ್ಲಿ ನಿಂತು ಅವನಿಗೇ ಚಪ್ಪಾಳೆ ತಟ್ಟುತ್ತಿದ್ದರು.

ಮೆರವಣಿಗೆ ಮುಗಿದಾಗ ಅಂಗಾಲಿನಲ್ಲಿ ಮೂರು ಬೊಬ್ಬೆ ಎದ್ದಿದ್ದವು. ಕುಂಟುತ್ತ ನೇರ ಚೌಕಕ್ಕೆ ಹೋಗಿ ರಿಪೇರಿ ಮಾವನ ಮುಂದೆ ಕುಕ್ಕರಿಸಿದ.

"ಮಾವಾ, ನೀವೊಬ್ರೇ ಈಗ ದಿಕ್ಕು. ನನ್ನ ಚಪ್ಪಲೀನ ನೀವು ಗುರುತು ಹಿಡೀತೀರಾ?"

"ನಿನ್ನ ಚಪ್ಪಲೀನಾ?" ಮಾವ ನಕ್ಕ. "ಕತ್ತಲಲ್ಲಿ ಮುಟ್ಟಿ ಹೇಳ್ತೀನಿ. ಎಡಗಾಲಿನ ಪಟ್ಟಿಗೆ ಹೋದ ತಿಂಗಳು ನೀಲಿ ನೈಲಾನ್ ದಾರ ಹಾಕಿದ್ದು ನಾನಲ್ವಾ?"

"ಬನ್ನಿ, ಅದನ್ನೇ ಬಂದು ಹೇಳಿ."

ಮಾವ ನ್ಯಾಯವಂತ. ಸೂಜಿ ದಾರ ಬದಿಗಿಟ್ಟು ಎದ್ದ. ಪುರಭವನದಲ್ಲಿ ಈಗ ಬಾಗಿಲಿನವರೆಗೂ ಸಾಲು. ಮಾವ ಸಾಲು ಸೀಳಿಕೊಂಡು ಹೋಗಿ ಗಾಜಿಗೆ ಮೂಗು ಒತ್ತಿದ. "ಸರಿ. ಇದು ನನ್ನ ಹೊಲಿಗೆ," ಎಂದ, ಎಲ್ಲರಿಗೂ ಕೇಳುವಂತೆ. "ಗಂಟು ನೋಡಿ. ಈ ಗಂಟು ಹಾಕೋದು ನಾನೊಬ್ನೇ."

ಅಂಚೆಯಣ್ಣನಿಗೆ ಹೋದ ಜೀವ ಬಂದಂತಾಯಿತು. ಅಧಿಕಾರಿಗಳು ಬಿಸ್ಕತ್ತು ತಿನ್ನುವುದನ್ನು ನಿಲ್ಲಿಸಿ ಹತ್ತಿರ ಬಂದರು.

"ಈ ಗಂಟು ನಿಮಗೆ ಕಲಿಸಿದವರು ಯಾರು?"

"ನಮ್ಮಪ್ಪ."

"ಅವರಿಗೆ?"

"ಅವರಪ್ಪ ಇರ್ಬೇಕು."

"ಅವರಿಗೆ?" ಅಧಿಕಾರಿಗಳ ಸ್ವರ ನಡುಗತೊಡಗಿತು. "ಅಂದ್ರೆ ಊರಜ್ಜನ ಪಾದರಕ್ಷೆ ಹೊಲಿದ ಕೈಯಿಂದ ಈ ಕೈವರೆಗೆ, ಒಂದೇ ಗಂಟು, ನೂರೈವತ್ತು ವರ್ಷ! ಹೆಡ್‌ಮಾಸ್ತರೇ, ಇಂಥವರನ್ನ ಚೌಕದ ಮೂಲೆಯಲ್ಲಿ ಕೂರಿಸಿದ್ದೀರಾ?"

ಐದು ನಿಮಿಷದಲ್ಲಿ ಮಾವನಿಗೆ ಕುರ್ಚಿ ಬಂತು, ಟೀ ಬಂತು, 'ಪರಂಪರೆಯ ಕುಶಲಕರ್ಮಿ' ಎಂದು ಬರೆದ, ಅಂಚಿಗೆ ಚಿನ್ನದ ಬಣ್ಣದ ಪ್ರಮಾಣಪತ್ರ ಬಂತು. ಎಪ್ಪತ್ತು ವರ್ಷದಲ್ಲಿ ಈ ಊರಿನವರು ಮಾವನ ಮುಂದೆ ಕಾಲು ಚಾಚಿದ್ದೇ ಹೊರತು ಕೈ ಚಾಚಿದ್ದು ಅದೇ ಮೊದಲು. ಅವನು ಪ್ರಮಾಣಪತ್ರವನ್ನು ಎರಡೂ ಕೈಯಲ್ಲಿ ಹಿಡಿದು ತಲೆಕೆಳಗಾಗಿ ಓದುತ್ತ ಕೂತ.

"ಮಾವಾ, ನೀಲಿ ನೈಲಾನ್," ಎಂದು ಅಂಚೆಯಣ್ಣ ಕಿವಿಯಲ್ಲಿ ಪಿಸುಗುಟ್ಟಿದ.

ಮಾವ ಅವನ ಕಡೆ ನೋಡಲಿಲ್ಲ. "ಆಗಿನ ಕಾಲದಲ್ಲೂ ನೈಲಾನ್ ಇತ್ತೇನೋ ಕಣಪ್ಪ," ಎಂದ. "ನಾವೇನು ಕಂಡಿದೀವಾ?"

ಸಾಲಿನಲ್ಲಿ ಅಂಚೆಯಣ್ಣನ ಹೆಂಡತಿಯೂ ಇದ್ದಳು, ಪಕ್ಕದ ಮನೆಯವಳ ಜೊತೆ. ಗಂಡನನ್ನು ನೋಡಿದ ಕೂಡಲೇ, ಪಕ್ಕದವಳಿಗೆ ಕೇಳದಂತೆ ಪಿಸುದನಿಯಲ್ಲಿ ತರಾಟೆಗೆ ತೆಗೆದುಕೊಂಡಳು. "ನೋಡಿ ಕಲೀರಿ. ನೂರೈವತ್ತು ವರ್ಷ ಆದ್ರೂ ಆ ಪುಣ್ಯಾತ್ಮನ ಚಪ್ಪಲಿ ಎಷ್ಟು ಲಕ್ಷಣವಾಗಿದೆ. ನೀವೂ ಇಟ್ಕೊಂಡಿದ್ದೀರಿ, ಒಂಬತ್ತೇ ವರ್ಷಕ್ಕೆ ನಾಯಿ ಅಗಿದು ಉಗುಳಿದ ಹಾಗೆ!"

ಅಂಚೆಯಣ್ಣ ಅವಳನ್ನು ಕಂಬದ ಮರೆಗೆ ಕರೆದು ನಡೆದದ್ದೆಲ್ಲ ಹೇಳಿದ. ಹೆಂಡತಿ ಇನ್ನೊಮ್ಮೆ ಹೋಗಿ ಪೆಟ್ಟಿಗೆ ನೋಡಿ ಬಂದಳು. ಮುಖದ ಬಣ್ಣ ಬದಲಾಗಿತ್ತು.

"ಹೌದು ಕಣ್ರೀ. ನಿಮ್ಮದೇ."

"ಹಾಗಾದ್ರೆ ಬಾ, ಇಬ್ರೂ ಸೇರಿ ಹೇಳೋಣ."

"ಹುಚ್ಚು ಹಿಡಿದಿದ್ಯಾ ನಿಮಗೆ?" ಅವಳು ಅವನ ತೋಳು ಗಟ್ಟಿಯಾಗಿ ಹಿಡಿದಳು. "ಆ ಚಪ್ಪಲೀನ ಹೋದ ವರ್ಷವೇ ಎಸೆದ್ವಿ, ಹೊಸದು ತಗೊಂಡ್ವಿ ಅಂತ ಪಕ್ಕದ ಮನೆಯವಳಿಗೆ ಹೇಳಿದೀನಿ. ಗಂಡನಿಗೆ ಪೆಟ್ಟಿಗೆಯಲ್ಲಿ ಇಡೋ ಅಂಥ ಚಪ್ಪಲಿ ಹಾಕಿ ಕಳಿಸ್ತಾಳೆ ಅಂತ ನಾಳೆ ಊರೆಲ್ಲ ಆಡ್ಕೊಳ್ಳೋದು ಬೇಡ. ಅದು ಊರಜ್ಜನದೇ ಆಗಿರ್ಲಿ. ನೀವು ಬಾಯಿ ಬಿಟ್ರೆ ನಾನು ಮಾತು ಬಿಡ್ತೀನಿ."

ಅಂಚೆಯಣ್ಣನಿಗೆ ಉಳಿದದ್ದು ಹೆಡ್‌ಮಾಸ್ತರು ಮಾತ್ರ. ಎರಡು ಗಂಟೆಗೆ ಅವರು ಊಟಕ್ಕೆಂದು ಹಿಂದಿನ ಕೋಣೆಗೆ ಹೋದದ್ದನ್ನು ನೋಡಿ, ಹಿಂದೆಯೇ ಹೋಗಿ ಬಾಗಿಲು ಹಾಕಿದ.

"ಸಾರ್, ನೀವು ನನಗೆ ಮಗ್ಗಿ ಕಲಿಸಿದವರು. ನಿಮಗೆ ಸುಳ್ಳು ಹೇಳಲ್ಲ. ಆ ಚಪ್ಪಲಿಯ ಅಡಿ ತಿರುಗಿಸಿ ನೋಡಿ. ಲಾರಿ ಟಯರು. ಟಯರಿನ ಮೇಲೆ ಕಂಪನಿ ಮೊಹರೂ ಇದೆ."

ಹೆಡ್‌ಮಾಸ್ತರು ಎತ್ತಿದ ತುತ್ತನ್ನು ಮತ್ತೆ ತಟ್ಟೆಗೆ ಇಳಿಸಿದರು. "ನನಗೆ ಹತ್ತು ಗಂಟೆಗೇ ಗೊತ್ತಾಯ್ತು ಕಣಯ್ಯ," ಎಂದರು. "ಮಖಮಲ್ಲು ಸರಿ ಮಾಡುವಾಗ ಕಂಡೆ. ಅಷ್ಟು ಹೊತ್ತಿಗೆ ಅವರು ಅಪ್ಪಟ ಅಂದುಬಿಟ್ಟಿದ್ರು. ರಾಜಧಾನಿಯವರು ಅಪ್ಪಟ ಅಂದ್ಮೇಲೆ ಇಲ್ಲ ಅನ್ನೋಕೆ ನಾನ್ಯಾರು? ಈ ಊರಿಗೆ ಸ್ವಂತ ವಸ್ತುಸಂಗ್ರಹಾಲಯದ ಕಟ್ಟಡ ಬರೋ ಹಾಗಿದೆ. ನಿನ್ನ ಎರಡು ತುಂಡು ಟಯರಿಗೋಸ್ಕರ ಅದನ್ನ ಹಾಳು ಮಾಡ್ತೀಯಾ?"

ಶಿಷ್ಯನಿಗೆ 'ಹಾಳು ಮಾಡ್ತೀನಿ' ಎನ್ನುವ ಧೈರ್ಯ ಬರಲಿಲ್ಲ.

"ಐದು ಗಂಟೆ ಬಸ್ಸಿಗೆ ಅವರು ಹೊರಡ್ತಾರೆ. ಐದೂವರೆಗೆ ಬಾ. ಬೀಗ ತೆಗೆದು ನಿನ್ನದು ನಿನಗೆ ಕೊಡ್ತೀನಿ. ನಿಜವಾದ್ದನ್ನ ನಿಧಾನಕ್ಕೆ ಹುಡುಕಿ ಅಲ್ಲಿಡ್ತೀನಿ. ಇದು ನನ್ನ ಮಾತು."

"ಅಲ್ಲೀವರೆಗೆ ಸಾರ್? ಮಧ್ಯಾಹ್ನದ ಕಾಗದ ಹಂಚೋದಿದೆ. ಹಬ್ಬ ಅಂತ ಅಂಚೆ ನಿಲ್ಲಲ್ಲ. ಕಾಲು ನೋಡಿ."

ಹೆಡ್‌ಮಾಸ್ತರು ನೋಡಿದರು. ಮರುಕ ಉಂಟಾಯಿತು. ಬಾಗಿಲು ತೆರೆದು ಅಕ್ಕನನ್ನು ಕೂಗಿದರು. "ಅಟ್ಟದ ಮೇಲೆ ಹಳೇದು ಪಳೇದು ಏನಾದ್ರೂ ಮೆಟ್ಟು ಬಿದ್ದಿದ್ರೆ ಇವನಿಗೆ ಕೊಡಮ್ಮ."

ಅಕ್ಕ ಅಟ್ಟ ಹತ್ತಿದಳು. ಪೆಟ್ಟಿಗೆ ಎಳೆದ ಸದ್ದು, ಸೀನಿದ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಒಂದು ಜೊತೆಯನ್ನು ಮೇಲಿಂದಲೇ ಬೀಳಿಸಿದಳು. ಬಿದ್ದದ್ದು ಚಪ್ಪಲಿಯೋ ಎರಡು ಮರದ ಹಲಗೆಯೋ ಹೇಳಲಾಗದಂಥ ಸದ್ದು. ತೊಗಲು ಒಣಗಿ ಕಲ್ಲಾಗಿತ್ತು. ಆದರೆ ಅಗಲವಾಗಿತ್ತು; ಕಿರುಬೆರಳು ಹೇಗೋ ಒಳಗೆ ಹಿಡಿಸಿತು. ಅಂಚೆಯಣ್ಣ ಕೈ ಮುಗಿದು ಹೊರಟ.

ಆ ಚಪ್ಪಲಿಯ ಸದ್ದು ಇಡೀ ಓಣಿಗೆ ಕೇಳುತ್ತಿತ್ತು. ಕಾಗದ ಬಂತು ಎಂದು ಕೂಗುವ ಕೆಲಸವೇ ಇರಲಿಲ್ಲ. ಎರಡು ಮನೆ ದೂರ ಇರುವಾಗಲೇ ಜನ ಬಾಗಿಲು ತೆರೆದು ನೋಡುತ್ತಿದ್ದರು. ಹೋದಲ್ಲೆಲ್ಲ ಊರಜ್ಜನ ವಂಶಸ್ಥನೆಂಬ ಮರ್ಯಾದೆ ಬೇರೆ. ವಕೀಲರ ತಾಯಿ ಕಾಗದ ತಗೊಳ್ಳುವ ಮೊದಲು ಬೆರಳು ತೋರಿಸು ಎಂದರು. ಟೈಲರು, ತನ್ನ ಜಾಗದ ಗಡಿ ತಕರಾರನ್ನು ನೀನೇ ತೀರ್ಮಾನ ಮಾಡಬೇಕು, ಈ ಊರು ನಿಮ್ಮಜ್ಜನದು ತಾನೆ ಎಂದ.

ಟೈಲರಿನ ಮನೆ ದಾಟಿ ನಾಲ್ಕು ಹೆಜ್ಜೆ ಇಟ್ಟಿದ್ದನಷ್ಟೆ, ಎಡಗಾಲಿನ ಪಟ್ಟಿ ಪಟ್ಟೆಂದಿತು. ಹಿಂದೆ ಯಾವಾಗಲೋ ಕಿತ್ತು ಹೊಲಿದಿದ್ದ ಜಾಗದಲ್ಲೇ ಕಿತ್ತಿತ್ತು. ಅಂಚೆಯಣ್ಣ ಕಲ್ಲಿನ ಮೇಲೆ ಕೂತು, ಅದನ್ನು ಕಳಚಿ ಪಕ್ಕಕ್ಕಿಟ್ಟು, ಚೀಲದಲ್ಲಿ ಹಗ್ಗದ ತುಂಡೇನಾದರೂ ಇದೆಯೇ ಎಂದು ತಡಕಾಡಿದ. ಓಣಿಯ ಬಿಳಿ ನಾಯಿಗೆ ಅವನ ಮೇಲೆ ಹಳೆಯ ದ್ವೇಷ. ಸದ್ದಿಲ್ಲದೆ ಬಂದು ಚಪ್ಪಲಿ ಕಚ್ಚಿಕೊಂಡು ಕಾಲುವೆ ಹಾರಿ ಜೋಳದ ಹೊಲಕ್ಕೆ ನುಗ್ಗಿತು. ಅಂಚೆಯಣ್ಣ ಕಾಲುವೆಯವರೆಗೆ ಕುಂಟಿದ. ಹೊಲದಲ್ಲಿ ಜೋಳದ ತೆನೆ ಅಲ್ಲಾಡುತ್ತ ಅಲ್ಲಾಡುತ್ತ ದೂರವಾಗಿ ನಿಂತಿತು. ಆಮೇಲೆ ಕರಂ ಕರಂ ಎಂಬ ಸದ್ದು ಕೇಳಿತು.

ಅದೇ ಹೊತ್ತಿಗೆ ಪರಂಪರೆಯ ದಿನದ ವಿಶೇಷ ಸ್ವಚ್ಛತೆಯ ಗಾಡಿ ಬಂತು.

"ಕಸ ಇದ್ರೆ ಹಾಕಿ ಅಣ್ಣಾ, ನೇರ ಕಸ ಸುಡೋ ಭಟ್ಟಿಗೆ ಹೋಗುತ್ತೆ," ಎಂದ ಗಾಡಿಯವನು.

ಒಂದೇ ಕಾಲಿನದನ್ನು ಇಟ್ಟುಕೊಂಡು ಏನು ಮಾಡುವುದು? ಅಂಚೆಯಣ್ಣ ಬಲಗಾಲಿನದನ್ನು ಗಾಡಿಗೆ ಎಸೆದ. ಮನಸ್ಸು ಹಗುರಾಯಿತು. ಇನ್ನೇನು ಒಂದೂವರೆ ಗಂಟೆ. ಆಮೇಲೆ ತನ್ನದು ತನ್ನ ಕಾಲಿಗೆ. ಉಳಿದ ಹನ್ನೊಂದು ಕಾಗದ ಬರಿಗಾಲಲ್ಲೇ ಹಂಚಿದ.

ಐದೂವರೆಗೆ ಪುರಭವನ ಖಾಲಿ. ಬಸ್ಸು ಹೋಗಿಯಾಗಿತ್ತು. ಹೆಡ್‌ಮಾಸ್ತರು ಮಾತಿಗೆ ತಪ್ಪಲಿಲ್ಲ. ಗಾಜಿನ ಪೆಟ್ಟಿಗೆಯ ಬೀಗ ತೆಗೆದು, ಮುಚ್ಚಳ ಎತ್ತಿ, "ತಗೋಪ್ಪ. ಬಹಳ ಕಷ್ಟ ಕೊಟ್ಟೆ ನಿನಗೆ," ಎಂದರು.

ಅಂಚೆಯಣ್ಣ ಕೈ ಚಾಚಿದ.

"ಸಾರ್, ಇದು ಬೇಕಾ, ಬಿಸಾಕ್ಲಾ?" ಅಕ್ಕ ಒದ್ದೆ ಬಟ್ಟೆ ಹಿಂಡುತ್ತ ಬಂದಳು. ಇನ್ನೊಂದು ಕೈಯಲ್ಲಿ ಹಿತ್ತಾಳೆಯ ಪುಟ್ಟ ಬಿಲ್ಲೆ. "ಒರೆಸೋಕೆ ಬಟ್ಟೆ ಸಾಲ್ದೆ ಅಟ್ಟದ್ದು ತಗೊಂಡಿದ್ದೆ. ಅದರ ಮೂಲೆಗೆ ಕಟ್ಟಿತ್ತು. ಏನೋ ಬರೆದಿದೆ."

ಹೆಡ್‌ಮಾಸ್ತರು ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಅಕ್ಷರ ಅವರದೇ. ಐದು ವರ್ಷದ ಹಿಂದೆ ಅವರೇ ಕೊರೆಸಿದ್ದು.

"೧೭. ಊರಜ್ಜನ ಪಾದರಕ್ಷೆ. ಯಾರೂ ಮೆಟ್ಟಬಾರದು."

ಓದಿ ಮುಗಿಸಿ ಅವರು ಅಕ್ಕನ ಕೈಯಿಂದ ಒದ್ದೆ ಬಟ್ಟೆ ಕಸಿದುಕೊಂಡರು. "ಈ ಬಟ್ಟೆಯಲ್ಲಿ ಏನು ಸುತ್ತಿತ್ತು?"

"ಮಧ್ಯಾಹ್ನ ಇವರಿಗೆ ಕೊಟ್ನಲ್ಲ, ಅದೇ."

ಇಬ್ಬರೂ ಒಟ್ಟಿಗೆ ತಿರುಗಿ ಅಂಚೆಯಣ್ಣನ ಕಾಲು ನೋಡಿದರು. ಧೂಳು ಹತ್ತಿದ ಎರಡು ಬರಿಗಾಲು.

"ಎಲ್ಲಿ?" ಎಂದರು ಹೆಡ್‌ಮಾಸ್ತರು.

"ಒಂದು ನಾಯಿ ತಿಂತು ಸಾರ್."

"ಇನ್ನೊಂದು?"

"ಭಟ್ಟಿಗೆ ಹೋಯ್ತು."

ಹೆಡ್‌ಮಾಸ್ತರು ಕುರ್ಚಿ ಹುಡುಕಿ ಕೂತರು. ಅಕ್ಕ ಬಕೆಟ್ಟು ಎತ್ತಿಕೊಂಡು ಮೆಲ್ಲಗೆ ಜಾರಿಕೊಂಡಳು. ಕೊನೆಗೆ ಹೆಡ್‌ಮಾಸ್ತರು ಎದ್ದು, ಪೆಟ್ಟಿಗೆಯ ಮುಚ್ಚಳ ಇಳಿಸಿ, ಬೀಗ ಒತ್ತಿದರು. ಕಟಕ್ ಎಂದಿತು.

"ಸಾರ್! ನನ್ನ ಚಪ್ಪಲಿ!"

"ಯಾವುದು ನಿನ್ನದು?" ಹೆಡ್‌ಮಾಸ್ತರ ಸ್ವರ ಶಾಂತವಾಗಿತ್ತು. "ನಿನ್ನದು ನಾಯಿ ತಿಂತು, ಭಟ್ಟಿಗೆ ಹೋಯ್ತು. ಅಷ್ಟೇ. ಇಲ್ಲ, ನಾಯಿ ತಿಂದದ್ದು ನನ್ನದಲ್ಲ, ಊರಜ್ಜನದು ಅನ್ನೋದಾದ್ರೆ ಹೇಳು. ನಾಳೆ ರಾಜಧಾನಿಗೆ ಕಾಗದ ಬರೀತೀನಿ. ಈ ಊರನ್ನ ಹುಟ್ಟಿಸಿದ ಚಪ್ಪಲೀನ ಕಸದ ಗಾಡಿಗೆ ಹಾಕಿದವರ ಹೆಸರೂ ಬರೀಬೇಕಾಗುತ್ತೆ."

ಅಂಚೆಯಣ್ಣ ಯೋಚಿಸಿದ. ಯಾವ ಕಡೆಯಿಂದ ಯೋಚಿಸಿದರೂ ದಾರಿ ಬಂದು ಅದೇ ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲುತ್ತಿತ್ತು.

"ಪೆಟ್ಟಿಗೆಯಲ್ಲಿರೋದು ಊರಜ್ಜನದೇ ಸಾರ್," ಎಂದ.

"ಜಾಣ." ಹೆಡ್‌ಮಾಸ್ತರು ಅವನ ಬೆನ್ನು ತಟ್ಟಿ, ಜೇಬಿನಿಂದ ಒಂದು ಚೀಟಿ ತೆಗೆದರು. "ಹೊರಡೋ ಮುಂಚೆ ಅಧಿಕಾರಿಗಳು ಬರೆದು ಕೊಟ್ಟು ಹೋಗಿದ್ದಾರೆ. ತೊಗಲು ಒಣಗಬಾರದಂತೆ. ತಿಂಗಳಿಗೊಂದ್ಸಲ ಎಣ್ಣೆ ಹಚ್ಚಬೇಕಂತೆ. ವಂಶಸ್ಥರು ಊರಲ್ಲೇ ಇದ್ದಾರಲ್ಲ, ಅವರೇ ಬಂದು ಹಚ್ಚಲಿ ಅಂತ. ಒಂದು ಬೀಗದ ಕೈ ನಿನ್ನ ಹತ್ರಾನೇ ಇರ್ಲಿ."

ಬೀಗದ ಕೈ ಅಂಗೈಗೆ ಬಿದ್ದಾಗ ಅಂಚೆಯಣ್ಣನಿಗೆ ಸಣ್ಣದೊಂದು ಆಸೆ ಚಿಗುರಿತು.

"ಎಣ್ಣೆ ಹಚ್ಚಿದ ಮೇಲೆ ಏನು ಮಾಡ್ಲಿ ಸಾರ್?"

"ಹಾಕ್ಕೊಂಡು ಹೋಗು."

"ಹಾಕ್ಕೊಂಡು ಹೋಗ್ಲಾ?" ಅಂಚೆಯಣ್ಣನ ಮುಖ ಇಡೀ ದಿನದಲ್ಲಿ ಮೊದಲ ಸಲ ಅರಳಿತು.

"ಬೀಗ," ಎಂದರು ಹೆಡ್‌ಮಾಸ್ತರು.